ಅಪ್‌ಡೇಟ್: ಆಟಿಯ (ಜುಲೈ-ಆಗಸ್ಟ್) ಮಳೆಗೂ ಕೆಳಗಿನ ಗೋಡೆ ಒಸರಲಿಲ್ಲ

ಬದಿಯಡ್ಕದ ಹತ್ತಿರ ಇಳಿಜಾರಿನಲ್ಲಿರುವ ನಮ್ಮ ಮನೆಯ ನೆಲಮಾಳಿಗೆಯನ್ನು ಅಪ್ಪ ಅಮ್ಮನಿಗೆ ಬೇರೆ ಮನೆ ಮಾಡಬೇಕು, ಆದರೆ ಗುಡ್ಡದ ಬದಿಯ ಗೋಡೆ ಒಸರುತ್ತದೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಒಳಗೆ ಸುಮ್ನೆ ಬಳಿಯಬೇಡಿ, ನೀರನ್ನು ಹೊರಗೇ ತಡೆಯಿರಿ ಎಂದು ನೀವೆಲ್ಲ ಹೇಳಿದ್ದಿರಿ.

ಹಾಗೇ ಮಾಡಿದೆವು. ಬೇಸಿಗೆಯಲ್ಲಿ ಗೋಡೆಯ ಹೊರಗೆ ಸ್ವಲ್ಪ ಸ್ವಲ್ಪವೇ ಅಗೆಸಿದೆವು. ಒಮ್ಮೆಲೇ ಅಗೆದರೆ ಗೋಡೆಗೆ ಅಪಾಯ ಅಲ್ವಾ. ಗೋಡೆಯ ಮುರಕಲ್ಲಿನ (ಜಂಬಿಟ್ಟಿಗೆ) ಮೇಲೆ ಸಿಮೆಂಟ್ ಗಾರೆ, ಅದಕ್ಕೆ ವಾಟರ್‌ಪ್ರೂಫ್ ಕೋಟಿಂಗ್. ಬುಡದಲ್ಲಿ ತೂತಿನ ಪೈಪ್, ಸುತ್ತ ಜಲ್ಲಿ. ಪೈಪಿಗೆ ಇಳಿಜಾರು ಸರಿಯಾಗಿ ಕೊಡಬೇಕು, ಅದೇ ಮುಖ್ಯ. ನೀರು ಈಗ ಕೆಳಗಿನ ಅಡಿಕೆ ತೋಟಕ್ಕೆ ಹೋಗುತ್ತದೆ.

ಆಟಿಯ ಜಡಿಮಳೆಯಲ್ಲಿ ದಿನಾ ಗೋಡೆ ಮುಟ್ಟಿ ನೋಡಿದೆ. ಒಣಗಿಯೇ ಇತ್ತು! ಕಿಟಕಿ, ಬಚ್ಚಲು ಆಮೇಲೆ ಮಾಡಿಸಿದೆವು. ಅಪ್ಪನಿಗೆ ಇನ್ನು ಮೆಟ್ಟಿಲು ಹತ್ತುವ ಕಷ್ಟವಿಲ್ಲ. ನಿನ್ನೆ ಅಮ್ಮ ಅಲ್ಲಿ ಹಾಲು ಉಕ್ಕಿಸಿದರು. ಎಲ್ಲರಿಗೂ ತುಂಬಾ ಧನ್ಯವಾದ.