ಪದ ಬೇಕು: ‘ರಿಕರ್ಸಿವ್’ ಸೂತ್ರಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪಾಠದ ಅನುವಾದ ಇವತ್ತು ರಾತ್ರಿಯೊಳಗೆ ಮುಗಿಸಬೇಕು, ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ಪಾಠ ಪಾಂಜರ್ ವರ್ಗದ ಬಗ್ಗೆ, ಅಂದರೆ ವಿಮೆಯಲ್ಲಿ ಎಷ್ಟು ಕ್ಲೇಮ್ ಬರಬಹುದು ಎಂದು ಎಣಿಸಲು ಬಳಸುವ ವಿವಿಕ್ತ ವಿತರಣೆಗಳು (0, 1, 2 ಎಂಬ ಬಿಡಿ ಬಿಡಿ ಎಣಿಕೆಗಳಲ್ಲಿ ಒಂದೊಂದಕ್ಕೂ ಎಷ್ಟು ಸಂಭವ ಎಂದು ಹೇಳುವಂಥವು). ‘ಕೆ’ ಕ್ಲೇಮ್ ಬರುವ ಸಂಭವ ಬೇಕಾದರೆ, ಒಂದು ಕಡಿಮೆ ಬರುವ ಸಂಭವವನ್ನು ‘ಎ + ಬಿ/ಕೆ’ಯಿಂದ ಗುಣಿಸಿದರೆ ಆಯಿತು (ಎ, ಬಿ ಆಯಾ ವಿತರಣೆಯ ಸ್ಥಿರ ಸಂಖ್ಯೆಗಳು). ಎ ಸೊನ್ನೆಯಾದರೆ ಸಿಗುವುದು ಪಾಯ್ಸಾನ್ ಎಂಬ ವಿತರಣೆ, ಸೊನ್ನೆಗಿಂತ ಕಡಿಮೆಯಾದರೆ ದ್ವಿಪದ, ಜಾಸ್ತಿಯಾದರೆ ಋಣ ದ್ವಿಪದ. ಒಟ್ಟು ಕ್ಲೇಮ್ ಮೊತ್ತದ ಲೆಕ್ಕವನ್ನೂ ಇದೇ ದಾರಿಯಲ್ಲಿ ಮಾಡಬಹುದೆಂದು ಹ್ಯಾರಿ ಪಾಂಜರ್ 1981ರಲ್ಲಿ ತೋರಿಸಿದರು. ಹೀಗೆ ಹಿಂದಿನದರಿಂದ ಮುಂದಿನದನ್ನು ಲೆಕ್ಕ ಹಾಕುವ ಸೂತ್ರವೇ ‘ರಿಕರ್ಸಿವ್’, ಅದಕ್ಕೆ ‘ಪುನರಾವರ್ತಿತ’ ಎಂದು ಹಾಕಿದ್ದೇನೆ. ಸರೀನಾ?

ಉತ್ತರ 1
ಸರಿಯಿಲ್ಲ. ಪುನರಾವರ್ತನೆ ಎಂದರೆ ಆಗಿದ್ದೇ ಮತ್ತೆ ಆಗುವುದು. ಇಲ್ಲಿ ಹಾಗಾಗುತ್ತಿಲ್ಲ. ಎ 0, ಬಿ 2 ಇರುವ ಪಾಯ್ಸಾನನ್ನೇ ತಗೊಳ್ಳಿ. ಒಂದೂ ಕ್ಲೇಮ್ ಬರದಿರುವ ಸಂಭವ 0.1353. ಅದನ್ನು 2ರಿಂದ ಗುಣಿಸಿದರೆ ಒಂದು ಕ್ಲೇಮಿನದು, 0.2707. ಅದನ್ನು 2/2ರಿಂದ ಗುಣಿಸಿದರೆ ಎರಡರದು, ಮತ್ತೆ 0.2707. ಅದನ್ನು 2/3ರಿಂದ ಗುಣಿಸಿದರೆ ಮೂರರದು, 0.1804. ಗುಣಕ ಪ್ರತಿ ಸಲ ಬದಲಾಗುತ್ತದೆ, ಬದಲಾಗದೆ ಉಳಿಯುವುದು ಹಿಂದಿನದರ ಜೊತೆಗಿನ ಕೊಂಡಿ. ಹಿಂದೆ ಕಾಲು ಇದ್ದರೆ ಹಿಂಗಾಲು, ಹಿಂದೆ ಕೊಂಡಿ ಇದ್ದರೆ ಹಿಂಗೊಂಡಿ. ‘ಹಿಂಗೊಂಡಿ ಸೂತ್ರ’ ಎಂದು ಬರೆಯಿರಿ. ‘ಮರುಕಳಿಸುವ’ ಬೇಡ, ಅದು ಜ್ವರಕ್ಕೆ ಹೇಳುವ ಮಾತು. ಹಾಗೇ ‘ವಿವಿಕ್ತ ವಿತರಣೆ’ಯೂ ಬೇಡ, ‘ಬಿಡಿ ಹಂಚಿಕೆ’ ಅನ್ನಿ. ಹಂಚು ಹಳಗನ್ನಡದ ಪಂಚು, ತೆಲುಗಿನಲ್ಲಿ ಇವತ್ತಿಗೂ ಪಂಚು. ಇಷ್ಟು ಹಳೇ ಮಾತು ಕೈಯಲ್ಲೇ ಇರುವಾಗ ವಿತರಣೆ ಯಾಕೆ?

ಉತ್ತರ 2
ಹಂಚಿಕೆ ಒಪ್ಪಿದೆ. ಹಿಂಗೊಂಡಿ ಆಗಲ್ಲ. ಓದುವವರು ಪದದ ಹತ್ತಿರವೇ ನಿಂತುಬಿಡುತ್ತಾರೆ, ಲೆಕ್ಕಕ್ಕೆ ಬರುವುದೇ ಇಲ್ಲ. ಪ್ರೋಗ್ರಾಮ್ ಬರೆಯುವ ಮಕ್ಕಳೆಲ್ಲ ರಿಕರ್ಶನ್ ಅಂತಲೇ ಹೇಳುತ್ತಾರೆ. ಪಾಯ್ಸಾನನ್ನು ಹಾಗೇ ಬಿಟ್ಟಿದ್ದೀರಿ ಅಲ್ವಾ, ಇದನ್ನೂ ಬಿಡಿ.

ಉತ್ತರ 1, ಮತ್ತೆ
ಪಾಯ್ಸಾನ್ ಒಬ್ಬ ಮನುಷ್ಯನ ಹೆಸರು. ಹೆಸರನ್ನು ಯಾರೂ ಅನುವಾದ ಮಾಡುವುದಿಲ್ಲ. ರಿಕರ್ಶನ್ ಒಂದು ಕೆಲಸ, ಕೆಲಸ ಏನೆಂದು ಪದವೇ ಹೇಳಬೇಕು. ಕ್ಲೇಮ್ ಬಂದಿದೆ, ಇರಲಿ, ಜನ ಆಡುತ್ತಾರೆ. ಆದರೆ ಆಡುವವರು ಇದ್ದಾರೆಂದು ಎಲ್ಲವನ್ನೂ ಸುಮ್ನೆ ಒಳಗೆ ಬಿಟ್ಟುಕೊಂಡರೆ ಗಣಿತದಲ್ಲಿ ನಮ್ಮದೆಂದು ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಕೇಳಿದವರಿಂದ
ಇಬ್ಬರಿಗೂ ಧನ್ಯವಾದ. ತಲೆಬರಹ ಹೀಗೆ ಮಾಡಿದೆ: ‘ಹಿಂದಿನದರಿಂದ ಮುಂದಿನದು ಸಿಗುವ ಬಿಡಿ ಹಂಚಿಕೆಗಳು’. ಪಾಠದೊಳಗೆ ರಿಕರ್ಶನ್ ಎಂದೇ ಇಟ್ಟಿದ್ದೇನೆ. ಹಿಂಗೊಂಡಿ ನನಗೆ ತುಂಬಾ ಹಿಡಿಸಿತು, ಆದರೆ ಅದನ್ನು ಒಂದು ಸಾಲಿನಲ್ಲಿ ಬಿಡಿಸಿ ಹೇಳಲು ಈ ಪಾಠದಲ್ಲಿ ಜಾಗವಿಲ್ಲ. ಇನ್ನೊಂದು ಉಳಿದಿದೆ. ಮುಂದಿನ ಪುಟದಲ್ಲಿ ಸೊನ್ನೆಯ ಸಂಭವವನ್ನು ಪೂರ್ತಿ ತೆಗೆದು, ಒಂದರಿಂದ ಶುರು ಮಾಡುವ ಹಂಚಿಕೆ ಬರುತ್ತದೆ. ಅದಕ್ಕೆ ‘ಸೊನ್ನೆ ಕಳೆದ’ ಅಂದರೆ ಕಳೆಯುವ ಲೆಕ್ಕ ಎಂದುಕೊಳ್ಳುತ್ತಾರೆ. ‘ಸೊನ್ನೆ ಬಿಟ್ಟ ಹಂಚಿಕೆ’ ನಡೆಯುತ್ತದಾ?