ಹಳೆಯ ಡ್ಯಾಕ್‌ಗೆ ಅಗ್ಗದ ವೈಫೈ ಸ್ಟ್ರೀಮರ್: ಅನುಭವ ಇದ್ದವರು ಹೇಳಿ

ಠಾಣೆಯವರು (ಪ್ರಶ್ನೆ; ಇಲ್ಲಿ ಹೆಸರಿನ ಬದಲು ಊರು): ಡ್ಯಾಕ್‌ನಲ್ಲಿ (ಡಿಜಿಟಲ್ ಹಾಡನ್ನು ಆ್ಯಂಪ್‌ಗೆ ಬೇಕಾದ ಸಿಗ್ನಲ್ ಮಾಡುವ ಪೆಟ್ಟಿಗೆ) ಆಪ್ಟಿಕಲ್ (ಬೆಳಕಿನ ಕೇಬಲ್), ಕೋಆಕ್ಸಿಯಲ್ (ಲೋಹದ ಕೇಬಲ್) ಇನ್‌ಪುಟ್ ಮಾತ್ರ. ಯುಎಸ್‌ಬಿ ಇಲ್ಲ. ವೈಫೈಯಿಂದ ಹಾಡು ತಂದು ಇದಕ್ಕೆ ಕೊಡುವ ಸ್ಟ್ರೀಮರ್, ಹತ್ತು ಸಾವಿರದೊಳಗೆ ಯಾವುದು ತಗೊಳ್ಳಲಿ?

ಮುಲುಂಡ್: ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ, ಕಣ್ಣುಮುಚ್ಚಿ ತಗೊಳ್ಳಿ ಮಾರಾಯ್ರೇ. 2019ರಲ್ಲೇ ನಿಂತ ಮಾಲು, ಸೆಕೆಂಡ್‌ಹ್ಯಾಂಡೇ ಗತಿ. ಅದರ 3.5 ಎಂಎಂ ಜ್ಯಾಕಿನೊಳಗೇ ಆಪ್ಟಿಕಲ್ ಇದೆ, 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ. ಒಂದು ತುದಿ ಮಿನಿ ಟಾಸ್‌ಲಿಂಕ್ (ಆ ಜ್ಯಾಕಿಗೆ ಕೂರುವ ಸಣ್ಣ ಆಪ್ಟಿಕಲ್ ಪ್ಲಗ್) ಇರುವ ಕೇಬಲ್ಲೇ ಬೇಕು. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ 350 ರೂಪಾಯಿ ಕೇಬಲ್ಲು ಸಡಿಲ, ಮುಟ್ಟಿದರೆ ಹಾಡು ಕಟ್. ಮತ್ತೆ 900 ದಂಡ.

ಕೊಥ್ರೂಡ: ಸತ್ತ ಮಾಲು ಯಾಕ್ರೀ? 2025ರ ಮಾರ್ಚದಾಗ ಒಳಗಿನ ಡಿಜಿಟಲ್ ಸರ್ಟಿಫಿಕೇಟ್ ಅವಧಿ ಮುಗದು ಎಲ್ಲಾವೂ ಬಂದ್ ಬಿದ್ದಿದ್ವಲ್ಲ! ಗಡಿಬಿಡಿಲೆ ಫ್ಯಾಕ್ಟರಿ ರಿಸೆಟ್ ಮಾಡಿದವ್ರು ಇನ್ನಷ್ಟು ಸಿಕ್ಕೊಂಡ್ರು. ನಮ್ಮದು ರಾಸ್ಪ್‌ಬೆರಿ ಪೈ 4 (ಅಂಗೈಯಷ್ಟು ಕಂಪ್ಯೂಟರ್), ಅದರಾಗ ಮೂಡ್ ಆಡಿಯೋ ಅನ್ನೋ ಹಾಡಿನ ಸಾಫ್ಟ್‌ವೇರ್, ಯುಎಸ್‌ಬಿ ಡ್ಯಾಕ್. ಮೊಬೈಲ್ ಚಾರ್ಜರ್ ಹಚ್ಚಬ್ಯಾಡ್ರಿ, 5 ವೋಲ್ಟ್ 3 ಆಂಪಿಯರ್ ಅಡಾಪ್ಟರೇ ಬೇಕು. ಪೈಗೆ ಪವರ್ ಸಾಕಾಗೇತಿ ಇಲ್ಲೋ ಅಂತ ನೋಡೋ ‘ಗೆಟ್ ಥ್ರಾಟಲ್ಡ್’ ಕಮಾಂಡ್ ಕೊಟ್ರ ಸೊನ್ನೆ ಬರಬೇಕು. 50005 ಬಂದ್ರ ವೋಲ್ಟೇಜ್ ಬಿದ್ದೈತಿ ಅಂತ ತಿಳೀರಿ, ಹಾಡಿನಾಗ ಟಿಕ್‌ಟಿಕ್ ಗ್ಯಾರಂಟಿ. ಪೈನಾಗ ವಾಲ್ಯೂಮ್ ಫಿಕ್ಸೆಡ್ ಇಡ್ರಿ, ಏರಿಸೋದು ಇಳಿಸೋದು ಆ್ಯಂಪಿನಾಗ.

ಮುಲುಂಡ್: ಪ್ರಶ್ನೆ ಓದಿದ್ದೀರಾ? ಯುಎಸ್‌ಬಿ ಇಲ್ಲ ಅಂದಿದ್ದಾರೆ.

ಕೊಥ್ರೂಡ: ಹಂಗಾದ್ರ ಪೈನ ಜಿಪಿಐಒ ಪಿನ್ ಮ್ಯಾಲ ಕೋಆಕ್ಸಿಯಲ್ ಹ್ಯಾಟ್ (ಕೋಆಕ್ಸಿಯಲ್ ಔಟ್‌ಪುಟ್ ಇರೋ ಸಣ್ಣ ಬೋರ್ಡ್) ಕೂಡಸ್ರಿ. ಆಪ್ಟಿಕಲ್‌ನಾಗ ಜಿಟರ್ (ಸಿಗ್ನಲ್ ಟೈಮಿಂಗಿನ ಅಲುಗಾಟ) ಜಾಸ್ತಿ.

ಮಡಗಾಂವ: ಪೈ ಇಟ್ಟವರು ಕರೆಂಟು ಪದೇಪದೇ ಹೋಗುವ ಊರಿಗೆ ಬನ್ನಿ. ಪೈಯ ಎಸ್‌ಡಿ ಕಾರ್ಡಿಗೆ ಡೇಟಾ ಬರೆಯುತ್ತಿರುವಾಗ ಪವರ್ ಹೋದರೆ ಕಾರ್ಡು ಕೆಡಬಹುದು. ಪೈಗೇ ಇರುವ ಇನ್ನೊಂದು ಸಾಫ್ಟ್‌ವೇರ್ ಪೈಕೋರ್‌ಪ್ಲೇಯರ್ ಪೂರ್ತಿ ರ‍್ಯಾಮ್‌ನಲ್ಲೇ ಓಡುವುದರಿಂದ ಆ ಭಯ ಕಡಿಮೆ. ನಾನಿಟ್ಟಿರುವುದು ವೀಮ್ ಮಿನಿ ಅನ್ನುವ ರೆಡಿಮೇಡ್ ಸ್ಟ್ರೀಮರ್. ಆಪ್ಟಿಕಲ್‌ನಲ್ಲಿ 192 ಕಿಲೋಹರ್ಟ್ಸ್‌ವರೆಗೆ ಕೊಡುತ್ತದೆ, ಆದರೆ ಹಳೆಯ ಡ್ಯಾಕ್‌ಗಳ ಆಪ್ಟಿಕಲ್ ರಿಸೀವರ್ ಸಾಮಾನ್ಯವಾಗಿ 96ಕ್ಕೇ ಸುಸ್ತು: ಸದ್ದು ಕಡಿಯುತ್ತದೆ, ಇಲ್ಲವೇ ಬರುವುದೇ ಇಲ್ಲ. ಆ್ಯಪ್‌ನಲ್ಲಿ ಔಟ್‌ಪುಟ್ಟನ್ನು 24/96ಕ್ಕೆ ಕಟ್ಟಿಹಾಕಿ. ಮಿನಿಯಲ್ಲಿ ಈಥರ್ನೆಟ್ ಇಲ್ಲ, ವೈಫೈಯೇ ಗತಿ. ಚೀರೆಕಲ್ಲಿನ ದಪ್ಪ ಗೋಡೆ ದಾಟಿ 5 ಗಿಗಾಹರ್ಟ್ಸ್ ಬರುವುದೇ ಕಷ್ಟ. 2.4ಕ್ಕೆ ಹಾಕಿ, ರೂಟರಿನಲ್ಲಿ 1, 6, 11ರಲ್ಲಿ ಖಾಲಿ ಇರುವ ಚಾನೆಲ್ ಹಿಡಿಯಿರಿ.

ಮುಲುಂಡ್: ಮುಂಬಯಿ ಬಿಲ್ಡಿಂಗಿನಲ್ಲಿ 2.4ರ ಖಾಲಿ ಚಾನೆಲ್ಲಾ? ಹುಡುಕಿ ಕೊಡಿ ನೋಡೋಣ! ಮತ್ತೆ ಕೊಥ್ರೂಡದವರೇ, ಜಿಟರ್ ಜಿಟರ್ ಅನ್ನುತ್ತೀರಲ್ಲ, ಎರಡು ಪಿನ್ ಅಡಾಪ್ಟರಿನಿಂದ ಸೋರುವ ಕರೆಂಟು ಕೋಆಕ್ಸಿಯಲ್ ಕೇಬಲ್ಲಿನ ಹೊರ ಲೋಹದ ಹೊದಿಕೆ ಹಿಡಿದು ಆ್ಯಂಪ್‌ವರೆಗೆ ಹೋಗುತ್ತದೆ, ಗುಂಯ್ ಅನ್ನುತ್ತದೆ. ಆಪ್ಟಿಕಲ್‌ನಲ್ಲಿ ಲೋಹದ ಸಂಪರ್ಕವೇ ಇಲ್ಲ.

ಕೊಥ್ರೂಡ: ಅದಕ್ಕ 9,000 ಕೊಟ್ಟು ಲೀನಿಯರ್ ಸಪ್ಲೈ (ಟ್ರಾನ್ಸ್‌ಫಾರ್ಮರ್ ಇರೋ, ಗದ್ದಲ ಕಡಿಮಿ ಪವರ್ ಸಪ್ಲೈ) ತಂದೀನಿ. ಎಷ್ಟು ಫರಕ ಗೊತ್ತೇನ್ರಿ?

ಮಡಗಾಂವ: ಕೇಳಿದವರ ಬಜೆಟ್ಟೇ ಹತ್ತು ಸಾವಿರ ಸ್ವಾಮಿ.

ಕೊಥ್ರೂಡ: ಬಜೆಟ್ ಏರಸ್ಲಿ ಅಂತೀನಿ.

ಮುಲುಂಡ್: ಮೊದಲು ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಎಲೆಕ್ಟ್ರಿಷಿಯನ್ ಇನ್ನೂರು ತಗೊಳ್ತಾನೆ.