ಕೀ ಇಲ್ಲದ ಡೇಟಾಬೇಸ್ ರಿಲೇಶನಲ್ ಹೌದಾ? ಅನುಭವ ಇದ್ದವರು ಹೇಳಿ

ಹುಬ್ಬಳ್ಳಿ ಗೋಕುಲ ರಸ್ತೆ: ಬಿಡಿಭಾಗದ ಅಂಗಡಿಯ ಹಳೇ ಮೈಎಸ್‌ಕ್ಯೂಎಲ್ ಡೇಟಾಬೇಸ್ ನನ್ನ ಕೈಗೆ ಬಂದಿದೆ. ಪ್ರತಿ ಸಾಲನ್ನು ಬೇರೆಯಾಗಿ ಗುರುತಿಸುವ ಪ್ರೈಮರಿ ಕೀ ಇಲ್ಲ, ಒಂದು ಟೇಬಲ್ಲಿನ ಸಾಲನ್ನು ಇನ್ನೊಂದಕ್ಕೆ ಕಟ್ಟುವ ಫಾರಿನ್ ಕೀ ಇಲ್ಲ. ಇದು ನಿಯಮಬದ್ಧ ಟೇಬಲ್‌ಗಳ ಡೇಟಾಬೇಸ್, ಅಂದರೆ ರಿಲೇಶನಲ್ಲೇ ಅಲ್ಲ ಅಂತಾನೆ ಗೆಳೆಯ. ಈಗ ಕೀ ಹಾಕಲಾ, ಹಾಗೇ ಬಿಡಲಾ?

ಬ್ಯಾಡಗಿ ದಲಾಲಿ: ನಮ್ಮದು ಮೆಣಸಿನಕಾಯಿ ವ್ಯಾಪಾರ. ಸೀಸನ್ನಿನಲ್ಲಿ ನೆಟ್ ನಿಂತಿತು, ಹುಡುಗ ಸೇವ್ ಮತ್ತೆ ಒತ್ತಿದ, ಒಂದೇ ಲಾಟು ಎರಡು ಸಾಲಾಗಿ ಕೂತು ರೈತನಿಗೆ ದುಡ್ಡು ಎರಡು ಸಲ ಹೋಯಿತು. 38,400 ರೂಪಾಯಿ. ಅದರಲ್ಲಿ 12,000 ಇನ್ನೂ ಬಂದಿಲ್ಲ. ಒಂದು ಸಾಲು ಅಳಿಸೋಣ ಅಂದರೆ ಎರಡೂ ಅಚ್ಚು ಒಂದೇ! ಸುಮ್ನೆ ಐಡಿ ನಂಬರ್ ಹಾಕಿದರೂ ಇದು ನಿಲ್ಲಲ್ಲ, ದಿನಾಂಕ ಮತ್ತು ಲಾಟ್ ನಂಬರ್ ಸೇರಿಸಿ ಯುನೀಕ್ ಮಾಡಿ, ಅದೇ ಜೋಡಿ ಎರಡನೇ ಸಲ ಕೂರಲ್ಲ.

ಗದಗ ಪ್ರೆಸ್: ಡಿಲೀಟ್‌ಗೆ ಲಿಮಿಟ್ 1 ಹಾಕಿ ಒಂದೇ ಸಾಲು ಅಳಿಸಿದ್ರೆ ಮುಗೀತಿತ್ತಲ್ವಾ?

ಬ್ಯಾಡಗಿ ದಲಾಲಿ: ಯಾವುದು ಅಸಲಿ ಅಂತ ನೀವು ಬಂದು ಹೇಳ್ತಿದ್ರಾ?

ಗದಗ ಪ್ರೆಸ್: ಎರಡೂ ಅಚ್ಚು ಒಂದೇ ಅಂದವರು ನೀವೇ ರೀ.

ಧಾರವಾಡ ಮಾಸ್ತರ: ರಿಲೇಶನಲ್ ಮಾದರಿ ಕೊಟ್ಟ ಕಾಡ್ 1970ರಲ್ಲೇ ಹೇಳಿದ್ದಾರೆ, ರಿಲೇಶನ್ ಅಂದರೆ ಗಣ. ಅದರಲ್ಲಿ ಒಂದೇ ಸಾಲು ಎರಡು ಸಲ ಇರಲ್ಲ. 1985ರ ಅವರ ನಿಯಮಗಳಲ್ಲಿ ಎರಡನೆಯದು ಓದಿ: ಟೇಬಲ್ ಹೆಸರು, ಪ್ರೈಮರಿ ಕೀ, ಕಾಲಂ ಹೆಸರು ಗೊತ್ತಿದ್ದರೆ ಯಾವ ಮಾಹಿತಿಯಾದರೂ ಸಿಗಬೇಕು. ಕೀ ಇಲ್ಲದ್ದು ರಿಲೇಶನಲ್ ಅಲ್ಲ, ಮುಗೀತು.

ಗದಗ ಪ್ರೆಸ್: ಮುಗೀತು ಅಂದ್ರೆ ಹೇಗ್ರೀ ಮಾಸ್ತರ? ಈ ಡೇಟಾಬೇಸ್‌ಗಳ ಭಾಷೆ ಎಸ್‌ಕ್ಯೂಎಲ್‌ನ ಟೇಬಲ್ ಡುಪ್ಲಿಕೇಟ್ ಸಾಲು ಇರಲು ಬಿಡುತ್ತದೆ. ಹಾಗಾದರೆ ದೊಡ್ಡ ಡೇಟಾಬೇಸ್‌ಗಳಾದ ಒರೇಕಲ್ಲೂ ರಿಲೇಶನಲ್ ಅಲ್ಲ, ಪೋಸ್ಟ್‌ಗ್ರೆಸ್ಸೂ ಅಲ್ಲ! ನಾನು ಫಾರಿನ್ ಕೀಗಳನ್ನು ಬೇಕಂತಲೇ ತೆಗೆಸಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಹಳೇ ಗಿರಾಕಿಗಳನ್ನು ಅಳಿಸಲು ಹೋದರೆ ಇಡೀ ಬಿಲ್ಲಿಂಗ್ ಒದ್ದಾಡುತ್ತಿತ್ತು. ಬಂದು ನೋಡಿದವನಿಗೆ 15,000 ಕೊಟ್ಟೆ, ಜೊತೆಗೆ ಊಟ, ರೂಮು. ಈಗ ಓಡುತ್ತಿದೆ.

ಧಾರವಾಡ ಮಾಸ್ತರ: ಬಿಲ್ಲಿನ ಟೇಬಲ್ಲಿನಲ್ಲಿ ಗಿರಾಕಿಯನ್ನು ತೋರಿಸುವ ಕಾಲಂಗೆ ಬೇಗ ಹುಡುಕುವ ಇಂಡೆಕ್ಸ್ ಇತ್ತಾ? ಪೋಸ್ಟ್‌ಗ್ರೆಸ್ ಅದನ್ನು ತಾನಾಗಿ ಹಾಕಲ್ಲ.

ಗದಗ ಪ್ರೆಸ್: ಪಾಠ ಕಾಲೇಜಿನಲ್ಲಿ ಇಟ್ಕೊಳ್ಳಿ.

ರಾಣೆಬೆನ್ನೂರು: ಹುಬ್ಬಳ್ಳಿ ಅಣ್ಣಾ, ಮೊದಲು ಎಂಜಿನ್, ಅಂದರೆ ಮೈಎಸ್‌ಕ್ಯೂಎಲ್ ಒಳಗೆ ಟೇಬಲ್ ಇಡುವ ಭಾಗ, ಯಾವುದು ನೋಡಿ. ಮೈಐಸ್ಯಾಮ್ ಆಗಿದ್ದರೆ ಫಾರಿನ್ ಕೀ ಬರೆದರೂ ಎರರ್ ಕೊಡದೆ ಬಿಟ್ಟುಬಿಡುತ್ತದೆ. ಮೈಎಸ್‌ಕ್ಯೂಎಲ್ 5.5ರಿಂದ ಮೂಲದಲ್ಲೇ ಫಾರಿನ್ ಕೀ ಪಾಲಿಸುವ ಇನ್ನೋಡಿಬಿ ಎಂಜಿನ್ ಬರುತ್ತದೆ, ಆದರೆ ಹಳೇ ಟೇಬಲ್ ತಾನಾಗಿ ಬದಲಾಗಲ್ಲ.

ಹುಬ್ಬಳ್ಳಿ ಗೋಕುಲ ರಸ್ತೆ: ನೋಡಿದೆ, ಮೈಐಸ್ಯಾಮೇ. ಬದಲಿಸಿದರೆ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಕೆಡುತ್ತದಾ?

ಹಾವೇರಿ ರೈತ: ದಲಾಲಿ ಸಾಹುಕಾರ್ರೇ, ಜಾಸ್ತಿ ಹೋದ 12,000 ಇನ್ನೂ ನೆನಪಿದೆ. ಕಡಿಮೆ ತೂಕ ಬರೆದಾಗ ಯಾವ ಕೀ ಹಿಡಿಯುತ್ತದೆ ಹೇಳಿ?

ಬ್ಯಾಡಗಿ ದಲಾಲಿ: ತೂಕದ ಮಾತು ಇಲ್ಲಿ ಯಾಕೆ? ಯಾವ ಅಂಗಡಿ ಅಂತ ಹೇಳಿ ಮಾತಾಡಿ.